ನೀಲವ್ವ ಹೊಸ್ತಿಲು ದಾಟಿದ್ದು

ನಡೆಯಲು ಬರುವವರು ಜಗತ್ತಿನಲ್ಲಿ ಬಹಳ ಜನ ಇರುವುದರಿಂದ ಅದೊಂದು ದೊಡ್ಡ ವಿದ್ಯೆ ಎಂದು ಯಾರಿಗೂ ಅನಿಸುವುದಿಲ್ಲ. ಹಾಡಲು ಬಂದವನಿಗೆ ಶಾಲು ಹೊದಿಸುತ್ತಾರೆ, ಕುಸ್ತಿ ಗೆದ್ದವನಿಗೆ ಬೆಳ್ಳಿಯ ಕಡಗ ತೊಡಿಸುತ್ತಾರೆ, ನಡೆದು ಬಂದವನಿಗೆ ಬಹಳವೆಂದರೆ ಕಾಲು ತೊಳೆಯಲು ಒಂದು ತಂಬಿಗೆ ನೀರು ಕೊಡುತ್ತಾರೆ. ನಾನೂ ಹಾಗೆಯೇ ತಿಳಿದುಕೊಂಡು ಮೂವತ್ತರ ತನಕ ಬಾಳಿದವನು. ಅದರಲ್ಲೂ ನಡೆಯುವುದೇ ನನ್ನ ಹೊಟ್ಟೆಪಾಡು. ಮೋಜಣಿ ಖಾತೆಯಲ್ಲಿ ಸರ್ವೇಯರ್ ಆಗಿದ್ದ ನಾನು ಸರಪಳಿ ಹೊರಿಸಿಕೊಂಡು ಊರೂರಿನ ಹೊಲ ಅಳೆಯುತ್ತ ಹೋಗುತ್ತಿದ್ದೆ. ಟಿಕೋಟಾ, ಬಬಲೇಶ್ವರದ ಕಡೆಯ ಎರೆಭೂಮಿಯಲ್ಲಿ ನಾನು ಕಾಲಿಡದ ಬದು ಇರಲಿಕ್ಕಿಲ್ಲ. ಅಷ್ಟು ನಡೆದರೂ ನಡಿಗೆಯ ಬಗ್ಗೆ ಒಂದು ದಿನವೂ ಬೆರಗಾದವನಲ್ಲ. ಕಾಲು ನೋಯುತ್ತದೆ, ಚಪ್ಪಲಿ ಸವೆಯುತ್ತದೆ ಎಂಬುದಷ್ಟೇ ಆ ವಿದ್ಯೆಯಲ್ಲಿ ನನಗಿದ್ದ ತಿಳಿವಳಿಕೆ. ನನ್ನ ಮಗಳು ನೀಲವ್ವ ಜೋಳದ ಚೀಲ ಹಿಡಿದುಕೊಂಡು ಎದ್ದು ನಿಂತ ದಿನ ಆ ತಿಳಿವಳಿಕೆ ಎಷ್ಟು ಬಡವಾದದ್ದೆಂದು ಗೊತ್ತಾಯಿತು.

ಆಗ ನಾವು ವಿಜಾಪುರದಲ್ಲಿ, ಹಳೆಯ ಕೋಟೆಗೋಡೆಯ ಬುಡದ ಒಂದು ಓಣಿಯಲ್ಲಿ ಇದ್ದೆವು. ಮನೆಯಲ್ಲಿ ನನ್ನ ಅವ್ವ, ಹೆಂಡತಿ ಕಮಲಾ, ನೀಲವ್ವ, ಮತ್ತು ತಿಂಗಳಿಗೆ ಅರ್ಧದಷ್ಟು ದಿನ ಬಂದು ಹೋಗುವ ನೆಂಟನಂತೆ ನಾನು. ಮನೆಯ ಸರ್ಕಾರ ಅವ್ವನದು. ಅವಳ ಕಾಯದೆಗಳಲ್ಲಿ ಅತಿ ಬಿಗಿಯಾದದ್ದು ಕೂಸಿನ ತಿಂಡಿಯ ಕಾಯದೆ. ಕೂಸು ಬೋರಲು ಬಿದ್ದರೆ ಕಡುಬು, ಹಲ್ಲು ಬಂದರೆ ಜೋಳದ ಅಳ್ಳು, ಅಂಬೆಗಾಲಿಟ್ಟರೆ ಹೋಳಿಗೆ, ತನ್ನ ಕಾಲ ಮೇಲೆ ನಡೆದು ತಲೆಬಾಗಿಲ ಹೊಸ್ತಿಲು ದಾಟಿದರೆ ಎಣ್ಣೆಯಲ್ಲಿ ಕರಿದ ಬೆಲ್ಲದ ಗಾರಿಗೆ. ಮಾಡುವುದು ಅದೇ ದಿನ ಆಗಬೇಕು, ಹೊತ್ತು ಮುಳುಗುವುದರೊಳಗೆ ಓಣಿಯ ಮನೆಮನೆಗೆ ಮುಟ್ಟಬೇಕು. ಮರುದಿನಕ್ಕೆ ಬಿಟ್ಟರೆ ಕೂಸು ಕಲಿತ ವಿದ್ಯೆ ಗಟ್ಟಿಯಾಗಿ ನಿಲ್ಲುವುದಿಲ್ಲವೆಂದು ಅವ್ವ ನಂಬಿದ್ದಳು. ನನ್ನ ಅಕ್ಕನ ಮಗನಿಗೆ ಹಲ್ಲು ಬಂದಾಗ ಅಳ್ಳು ಹುರಿಯುವುದು ಎರಡು ದಿನ ತಡವಾಗಿತ್ತಂತೆ. ಅವನ ಮೇಲಿನ ಹಲ್ಲು ಸೊಟ್ಟಗಿರುವುದಕ್ಕೆ ಬೇರೆ ಕಾರಣ ಹುಡುಕಲು ಅವಳು ಯಾರಿಗೂ ಬಿಡುತ್ತಿರಲಿಲ್ಲ.

ಈ ಕಾಯದೆಯಿಂದ ನನಗೊಂದು ಸಂಕಟ ಗಂಟುಬಿತ್ತು. ಮಗಳು ಏನು ಸಾಧಿಸಿದಳೆಂಬುದು ನಾನು ಓಣಿಯ ತುದಿಗೆ ಬರುವ ಹೊತ್ತಿಗೇ ನನ್ನ ಮೂಗಿಗೆ ಗೊತ್ತಾಗಿಬಿಡುತ್ತಿತ್ತು. ಹೊನವಾಡದಲ್ಲಿ ಇಬ್ಬರು ಅಣ್ಣತಮ್ಮಂದಿರು ಮಲಗುವ ಒಂದು ಹೊರಸು ಹಾಕಲೂ ಸಾಲದಷ್ಟು ಜಾಗಕ್ಕೆ ಜಗಳ ತೆಗೆದು ನನ್ನನ್ನು ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದ್ದರು. ಅಲ್ಲಿಂದ ಮೋಟಾರಿನಲ್ಲಿ ಬಂದು ಓಣಿಗೆ ಕಾಲಿಟ್ಟರೆ ಕಡುಬಿನ ವಾಸನೆ. ನೀಲವ್ವ ಬೋರಲು ಬಿದ್ದಾಗಿತ್ತು. ಬಿಜ್ಜರಗಿಯಿಂದ ಬಂದ ದಿನ ಅಳ್ಳು ಹುರಿದ ವಾಸನೆ, ಹಲ್ಲು ಬಂದಾಗಿತ್ತು. ಬಬಲೇಶ್ವರದಿಂದ ಬಂದ ದಿನ ಹೋಳಿಗೆ. ಕಮಲಾ ಪ್ರತಿ ಸಲವೂ ನನ್ನ ಮುಖ ನೋಡಿ, ನಾಳೆ ಮತ್ತೆ ಮಾಡುತ್ತಾಳೆ ನೋಡುವಿರಂತೆ ಎಂದು ಸಮಾಧಾನ ಹೇಳುವಳು. ಮಾಡುತ್ತಿದ್ದಳು, ಸುಳ್ಳಲ್ಲ. ಆದರೆ ಮೊದಲನೆಯ ಸಲ ಎಂಬುದಕ್ಕೆ ಎರಡನೆಯ ಸಲ ಇರುವುದಿಲ್ಲ. ಜನರೆಲ್ಲ ಹೋಳಿಗೆಗೆ ಬಾಯಿ ನೀರೂರಿಸಿಕೊಂಡರೆ ನಾನು ಹೋಳಿಗೆಯ ವಾಸನೆಗೆ ಎದೆ ಹಿಡಿದುಕೊಳ್ಳುವಂತಾಯಿತು.

ಹೋಳಿಗೆಯ ದಿನ ನಾನು ಉಣ್ಣದೆ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆಂದುಕೊಂಡರೆ ಅಪ್ಪನ ಮಾತು ತೆಗೆದಳು. ಅಪ್ಪ ಜೋಳದ ಗಾಡಿ ಹೊಡೆದುಕೊಂಡು ಸೊಲ್ಲಾಪುರದ ಪೇಟೆಗೆ ಹೋದಾಗ ನಾನು ಹೊಸ್ತಿಲು ದಾಟಿದ್ದೆನಂತೆ. ಅಪ್ಪ ತಿರುಗಿ ಬಂದವನು ಡಬ್ಬಿಯಲ್ಲಿದ್ದ ತಣ್ಣನೆಯ ಗಾರಿಗೆ ತಿಂದು, ಇದು ಯಾಕೆ ಮಾಡಿದ್ದು ಎಂದು ಕೇಳಿದನಂತೆ. ಅವ್ವ ಹೇಳಿದಳು. ಅಪ್ಪ ಕೈಯಲ್ಲಿದ್ದದ್ದನ್ನು ತಾಟಿನಲ್ಲಿಟ್ಟು ಹಿತ್ತಲಿಗೆ ಹೋಗಿ ಎತ್ತಿನ ಮೈ ತಿಕ್ಕುತ್ತ ನಿಂತನಂತೆ. "ಆ ಎತ್ತಿನ ಮೈ ಆವತ್ತ ಎಷ್ಟ ತಿಕ್ಯಾನೋ ಯಪ್ಪಾ, ಸಂಜಿತನಾ ಒಳಗ ಬರಲಿಲ್ಲ," ಎಂದಳು ಅವ್ವ. ಅಪ್ಪ ಹಾಗೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುವವನೆಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಗಾರಿಗೆಯೊಂದನ್ನಾದರೂ ನಾನು ಬಿಸಿಯಾಗಿ ತಿನ್ನಬೇಕು, ನೀಲವ್ವ ಹೊಸ್ತಿಲು ದಾಟುವುದನ್ನು ಕಣ್ಣಾರೆ ನೋಡಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಅವಳು ಜೋಳದ ಚೀಲ ಹಿಡಿದು ನಿಂತ ಮರುದಿನವೇ ರಜೆ ಕೇಳಲು ಸಾಹೇಬರ ಮುಂದೆ ನಿಂತೆ. ಕಾರಣ ಕೇಳಿದರು. ಮಗಳು ನಡೆಯುವುದಿದೆ ಎಂದೆ. ಎಲ್ಲಿಗೆ ಎಂದು ಕೇಳಿದರು. ಹೊಸ್ತಿಲಿನ ತನಕ ಎಂದೆ. ಅವರು ಮನೆ ತುಂಬ ಮಕ್ಕಳಿದ್ದ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಈಗ ನಡೆಯುವುದನ್ನು ನೋಡಲು ರಜೆ ಕೇಳುತ್ತೀರಿ, ಇನ್ನೊಂದು ವರ್ಷಕ್ಕೆ ಹಿಡಿದು ಕೂರಿಸಲು ರಜೆ ಕೇಳುತ್ತೀರಿ ಎಂದು ನಕ್ಕು ಒಂದು ವಾರ ಕೊಟ್ಟರು.

ಆ ವಾರ ನಾನು ಕೆಲಸಕ್ಕೆ ಹೋದ ದಿನಗಳಿಗಿಂತ ಹೆಚ್ಚು ದಣಿದೆ. ಬೆಳಗಾದರೆ ನೀಲವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತುಬಿಡುವುದು. ಅವಳು ನನ್ನನ್ನು ನೋಡುವಳು, ನಾನು ಅವಳನ್ನು ನೋಡುವೆ. ಅವಳ ಮುಂದೆ ಬೆಲ್ಲ ಹಿಡಿದೆ, ಗಿಲಕಿ ಹಿಡಿದೆ, ಕೊನೆಗೆ ಸರ್ಕಾರದ ಅಳತೆಯ ಪಟ್ಟಿಯನ್ನೂ ಹಿಡಿದೆ. ಅವಳು ಅಂಬೆಗಾಲಿನಲ್ಲೇ ಸರಸರ ಬಂದು ಎಲ್ಲವನ್ನೂ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಅಡಿಗೆ ಮಾಡಲು ದಾರಿ ಬಿಡಿರೆಂದು ಕಮಲಾ ಗೊಣಗಿದಳು. ಅವ್ವ ಒಂದು ದಿನ ತಾಳಿದಳು, ಎರಡು ದಿನ ತಾಳಿದಳು, ಆಮೇಲೆ ನೇರವಾಗಿ ಹೇಳಿದಳು: "ಹಿಂಗ ಕಣ್ಣಾಗ ಕಣ್ಣಿಟ್ಟು ಕುಂತರ ಎಮ್ಮಿನೂ ಹಾಲ ಬಿಡೂದಿಲ್ಲಪಾ. ಕೂಸರ ಹೆಂಗ ನಡದೀತು?"

ಆದರೆ ಆ ವಾರ ವ್ಯರ್ಥವಾಯಿತೆಂದು ಹೇಳಲಾರೆ. ಅವಳು ನಡೆಯಲಿಲ್ಲ, ನಿಂತಳು. ನಿಲ್ಲುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮೊದಲು ಚೀಲದ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿಯುವಳು. ಹಿಂಭಾಗ ಮೇಲಕ್ಕೆ ಹೋಗುವುದು, ತಲೆ ಇನ್ನೂ ಕೆಳಗೇ ಇರುವುದು. ಆಮೇಲೆ ಮೊಳಕಾಲು ನಡುಗುತ್ತ ನಡುಗುತ್ತ ನೆಟ್ಟಗಾಗುವುದು. ನಿಂತ ಮೇಲೆ ಒಂದು ಕೈ ಬಿಡುವಳು. ಆಗ ಅವಳ ಮುಖ ನೋಡಬೇಕು. ಉಸಿರು ಬಿಗಿಹಿಡಿದು, ತುಟಿ ಒತ್ತಿಕೊಂಡು, ತನ್ನ ಪಾದಗಳನ್ನು ಯಾರೋ ಈಗ ತಾನೇ ತಂದುಕೊಟ್ಟ ಹೊಸ ಸಾಮಾನಿನ ಹಾಗೆ ನೋಡುವಳು. ಧಪ್ಪನೆ ಕುಂಡೆಯ ಮೇಲೆ ಬಿದ್ದರೆ ಅಳುತ್ತಿರಲಿಲ್ಲ. ನೆಲವನ್ನು ಅಂಗೈಯಿಂದ ತಟ್ಟಿ ನೋಡಿ ಮತ್ತೆ ಚೀಲಕ್ಕೆ ಕೈ ಹಾಕುತ್ತಿದ್ದಳು. ಇಷ್ಟು ಸಲ ಬಿದ್ದಿದ್ದರೆ ನಾನು ಆ ಉದ್ಯೋಗವನ್ನೇ ಬಿಟ್ಟು ಹಾಸಿಗೆ ಹಿಡಿಯುತ್ತಿದ್ದೆ. ನಾನೂ ಒಂದು ಕಾಲಕ್ಕೆ ಹೀಗೆಯೇ ಬಿದ್ದು ಎದ್ದು ಇದನ್ನು ಗಳಿಸಿಕೊಂಡಿರಬೇಕಲ್ಲ, ಆ ಶೂರ ಎಲ್ಲಿ ಹೋದ ಎಂದು ಕೇಳಿಕೊಂಡೆ. ನಮ್ಮ ಊರಿಗೆ ಗೋಳಗುಮ್ಮಟ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಂದವರು ಹಾಗೆಯೇ ನಮ್ಮ ಓಣಿಗೂ ಒಂದು ಸಲ ಬಂದು ಹೋಗಲಿ ಎಂದು ನನಗೆ ನಿಜವಾಗಿ ಅನಿಸಿತ್ತು.

ರಜೆ ಮುಗಿಯಿತು, ನೀಲವ್ವ ನಡೆಯಲಿಲ್ಲ. ಕಾಖಂಡಕಿಯಲ್ಲಿ ಮೂರು ದಿನದ ಕೆಲಸ ಬಂತು. ಅಲ್ಲಿ ನನ್ನ ಚಿತ್ತ ಹೊಲದಲ್ಲಿರಲಿಲ್ಲ. ಒಬ್ಬ ರೈತನ ಹೊಲವನ್ನು ಅಳೆದು ಲೆಕ್ಕ ಹಾಕಿದಾಗ ಅದು ಅವನ ಅಜ್ಜನ ಕಾಲಕ್ಕಿಂತ ಎರಡು ಎಕರೆ ಹೆಚ್ಚಾಗಿತ್ತು. ಅವನು ಸಂತೋಷದಿಂದ ನನಗೆ ಮಜ್ಜಿಗೆ ತರಿಸಿದ. ಪಕ್ಕದ ಹೊಲದವನು ಮಾತ್ರ ಸೊಂಟಕ್ಕೆ ಟವೆಲ್ಲು ಬಿಗಿದುಕೊಂಡು ಬಂದ. ಮತ್ತೆ ಅಳೆದು ಇಬ್ಬರನ್ನೂ ಮೊದಲಿನಂತೆ ಸಮನಾಗಿ ಅಸಂತುಷ್ಟರನ್ನಾಗಿ ಮಾಡಿ ಮೋಟಾರು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ: ಓಣಿಯಲ್ಲಿ ಗಾರಿಗೆ ಕರಿಯುತ್ತಿದ್ದರೆ?

ಓಣಿಯ ತುದಿಯಲ್ಲಿ ನಿಂತು ಮೂಗರಳಿಸಿದೆ. ಒಣ ಸಗಣಿಯ ವಾಸನೆ, ಯಾರದೋ ಮನೆಯ ಬೆಳ್ಳುಳ್ಳಿ ಖಾರದ ವಾಸನೆ, ಅಷ್ಟೇ. ಅಷ್ಟು ಒಳ್ಳೆಯ ಸಗಣಿಯ ವಾಸನೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಎದುರುಮನೆಯ ಚಂದ್ರವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು, ನನ್ನನ್ನು ಕಂಡದ್ದೇ ಮೊರ ಎತ್ತಿಕೊಂಡು ಒಳಗೆ ನಡೆದಳು. ನಮ್ಮ ಮನೆಯ ಹೊಸ್ತಿಲಿಗೆ ಅಡ್ಡವಾಗಿ ಒಂದು ಮಣೆ ನಿಲ್ಲಿಸಿತ್ತು. ಯಾಕೆಂದು ಕೇಳಿದೆ. ನಾಯಿ ಬರುತ್ತದೆ ಎಂದು ಕಮಲಾ ನನ್ನ ಮುಖ ನೋಡದೆ ಹೇಳಿದಳು. ಅವ್ವ ನೀಲವ್ವನನ್ನು ತೊಡೆಯ ಮೇಲೆ ಗಟ್ಟಿಯಾಗಿ ಅವುಚಿ ಹಿಡಿದಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಇನ್ನಾ ಇಲ್ಲಪಾ," ಎಂದಳು. ಮೂರು ದಿನದ ದಣಿವು ಒಂದೇ ಮಾತಿಗೆ ಇಳಿದುಹೋಯಿತು.

ಕೈಕಾಲು ತೊಳೆದು ಬಂದೆನೋ ಇಲ್ಲವೋ, ಅವ್ವ ನನಗೆ, ನೀನು ಹೊರಗೆ ಹೋಗಿ ಹೊಸ್ತಿಲಿಗೆ ಎದುರಾಗಿ ಕೂತುಕೋ, ಕೂಸನ್ನು ಕರೆದು ನೋಡು ಎಂದಳು. ಇವತ್ತು ಒಳ್ಳೆಯ ದಿನ ಎಂದೂ ಸೇರಿಸಿದಳು. ನಾನು ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತೆ. ಕಮಲಾ ಮಣೆ ತೆಗೆದು ನೀಲವ್ವನನ್ನು ಪಡಸಾಲೆಯ ನಡುವೆ ನಿಲ್ಲಿಸಿ ಕೈಬಿಟ್ಟಳು.

ನೀಲವ್ವ ಬಿಟ್ಟಲ್ಲೇ ನಿಂತಳು. ಚೀಲವಿಲ್ಲ, ಗೋಡೆಯಿಲ್ಲ, ಯಾರ ಬೆರಳೂ ಇಲ್ಲ. ನಾನು ಇನ್ನೂ ಕರೆದಿರಲಿಲ್ಲ. ಅವಳು ಎರಡೂ ಕೈ ಮೇಲೆತ್ತಿ, ಒಂದು ಕಾಲು ಎತ್ತಿ ಇಟ್ಟಳು. ಇನ್ನೊಂದು ಕಾಲು ಎತ್ತಿ ಇಟ್ಟಳು. ನೋಡನೋಡುತ್ತ ಹೊಸ್ತಿಲ ಹತ್ತಿರ ಬಂದು ಬಾಗಿಲ ಚೌಕಟ್ಟಿಗೆ ಅಂಗೈ ಊರಿ, ಅರಿಸಿನ ಕುಂಕುಮ ಹಚ್ಚಿದ ಆ ಎತ್ತರದ ಹೊಸ್ತಿಲ ಮೇಲೆ ಪುಟ್ಟ ಪಾದ ಇಟ್ಟು, ಆಚೆ ಇಳಿದಳು. ಹೊರಗಿನ ಬಿಸಿಲು ಅವಳ ಮುಖಕ್ಕೆ ಬಿತ್ತು. ನನ್ನ ಕಣ್ಣು ತುಂಬಿತು. ಒಂದು ವರ್ಷದ ಹಿಂದೆ ಈ ಜೀವಕ್ಕೆ ತನ್ನ ಕತ್ತು ಎತ್ತಲು ಬರುತ್ತಿರಲಿಲ್ಲ; ಈಗ ಯಾರ ಹಂಗೂ ಇಲ್ಲದೆ ತನ್ನ ಮನೆಯಿಂದ ತಾನೇ ಹೊರಗೆ ಬಂದು ನಿಂತಿದೆ. ದೊಡ್ಡದೇನೋ ನಡೆದುಹೋಯಿತು, ಅದು ನನ್ನ ಕಣ್ಣ ಮುಂದೆಯೇ ನಡೆಯಿತು ಎಂದು ಎದೆ ಉಬ್ಬಿ ಬಂತು. ಎರಡೂ ಕೈ ಚಾಚಿದೆ.

ನೀಲವ್ವ ನನ್ನ ಕೈಗಳನ್ನು ನೋಡಿದಳು. ನೋಡಿ, ಪಕ್ಕಕ್ಕೆ ಸರಿದು, ನನ್ನನ್ನು ಬಳಸಿಕೊಂಡು ಮುಂದೆ ಹೋದಳು. ಕಟ್ಟೆಯ ಅಂಚಿನಲ್ಲಿ ತಿರುಗಿ ಬೆನ್ನು ಮಾಡಿ ಕಾಲು ಇಳಿಬಿಟ್ಟು ಕೆಳಗಿಳಿದಳು. ಓಣಿಯಲ್ಲಿ ಮಲಗಿದ್ದ ಆಡನ್ನು ಸುತ್ತು ಹಾಕಿ, ನೇರವಾಗಿ ಚಂದ್ರವ್ವನ ಮನೆ ಹೊಕ್ಕಳು. ನಾನು ಕಣ್ಣೊರೆಸಿಕೊಳ್ಳುತ್ತ ಹಿಂದೆಯೇ ಓಡಿದೆ. ಒಳಗೆ ಚಂದ್ರವ್ವ ನಮಗೆ ಬೆನ್ನು ಹಾಕಿ ಮೊರದ ಮುಂದೆ ಕೂತಿದ್ದಳು. ಗೆಜ್ಜೆಯ ಸಪ್ಪಳಕ್ಕೆ ತಲೆಯೆತ್ತದೆ, ಪಕ್ಕದ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಹಿಂದಕ್ಕೆ ಕೈ ಚಾಚಿ ಹೇಳಿದಳು:

"ಬಂದಿ ಬೇ? ಇವತ್ತ ಯಾಕ ಇಷ್ಟ ತಡಾ ಮಾಡಿದಿ? ದಿನಾ ಮುಂಜಾನೆ ಬರಾಕಿ."

ಬೆಲ್ಲ ನೀಲವ್ವನ ಕೈ ಸೇರಿದ ಮೇಲೆ ತಿರುಗಿ ನೋಡಿದವಳಿಗೆ ಬಾಗಿಲಲ್ಲಿ ನಾನು ಕಂಡೆ. ಸೆರಗನ್ನು ತಲೆಯ ಮೇಲೆಳೆದುಕೊಂಡು, ಕೂಸು ಈಗ ನಡೆಯಲು ಕಲಿತಳೇನ್ರೀ, ಬಹಳ ಚಲೋ ಆತು ಬಿಡ್ರಿ ಎಂದು ನೆಲಕ್ಕೆ ಹೇಳಿದಳು.

ಹೊಸ್ತಿಲಿಗೆ ಅಡ್ಡವಾಗಿದ್ದ ಮಣೆ, ಕಮಲಾ ತಪ್ಪಿಸಿದ ಮುಖ, ಅವ್ವನ ಬಿಗಿ ಹಿಡಿತ ಎಲ್ಲ ಒಟ್ಟಿಗೆ ಅರ್ಥವಾದವು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಗಾರಿಗೆ ಮಾಡಿಲ್ಲ. ಕೂಸು ಹೊಸ್ತಿಲು ದಾಟಿದ ದಿನ ಅವ್ವ ಒಲೆಯ ಮೇಲೆ ಎಣ್ಣೆ ಇಟ್ಟಿಲ್ಲ. ಸೊಟ್ಟ ಹಲ್ಲಿನ ಮೊಮ್ಮಗನನ್ನು ಕಣ್ಣೆದುರಿಗೆ ಇಟ್ಟುಕೊಂಡವಳು, ಮೊಮ್ಮಗಳ ಕಾಲು ಗಟ್ಟಿಯಾಗುವುದೋ ಇಲ್ಲವೋ ಎಂಬ ಹೆದರಿಕೆಯನ್ನು ನುಂಗಿಕೊಂಡು, ಮಗನಿಗಾಗಿ ತನ್ನ ಕಾಯದೆ ಮುರಿದು ಕೂತಿದ್ದಾಳೆ. ಓಣಿಯ ಬಾಯಿಯನ್ನೂ ಕಟ್ಟಿಸಿದ್ದಾಳೆ. ಮಗಳ ನಡಿಗೆಗೆ ಬೆರಗಾದದ್ದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ನಾನು ಇದಕ್ಕೆ ಬೆರಗಾದೆ.

ಕೂಸನ್ನು ಎತ್ತಿಕೊಂಡು ಬಂದಾಗ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಬೆಲ್ಲ ನೆನೆದು, ಹಿಟ್ಟು ನಾದಿ, ಎಲ್ಲ ತಯಾರಾಗಿತ್ತು. ಹಂಚುವುದಕ್ಕೆ ನಾನೇ ಹೋಗುತ್ತೇನೆಂದೆ. ಒಂದೊಂದು ಮನೆಯಲ್ಲೂ ತಾಟು ಇಳಿಸಿ, ನೀಲವ್ವ ಹೇಗೆ ಕೈಯೆತ್ತಿದಳು, ಹೇಗೆ ಹೊಸ್ತಿಲ ಮೇಲೆ ಪಾದ ಇಟ್ಟಳು ಎಂದು ಮೊದಲಿನಿಂದ ಹೇಳಿದೆ. ಮೂರು ದಿನ ಅವಳಿಗೆ ತಮ್ಮ ಮನೆಯಲ್ಲಿ ಬೆಲ್ಲ ಕೊಟ್ಟು ಕಳಿಸಿದ ಹೆಂಗಸರೆಲ್ಲ ಗಲ್ಲದ ಮೇಲೆ ಕೈಯಿಟ್ಟು, ಹೌದೇನ್ರಿ ಎಂದು ಕೇಳಿದರು. ಚಂದ್ರವ್ವ ಎರಡು ಸಲ ಹೇಳಿಸಿದಳು. ನಾನೂ ಬೇಸರವಿಲ್ಲದೆ ಎರಡು ಸಲ ಹೇಳಿದೆ.

ಉಣ್ಣಲು ಕೂತಾಗ ಅವ್ವ ನನ್ನ ತಾಟಿಗೆ ಬಿಸಿ ಗಾರಿಗೆ ಹಾಕುತ್ತ ಕೇಳಿದಳು: "ಹೆಂಗ ನಡದ್ಳಪಾ ನನ್ನ ಮೊಮ್ಮಗಳು?"

"ಚಲೋ ನಡದ್ಳ ಯವ್ವಾ," ಎಂದೆ. "ರೂಢಿ ಇದ್ದವರಂಗ ನಡದ್ಳು."

ಅವ್ವನ ಕೈ ಒಂದು ಗಳಿಗೆ ಬಾಣಲೆಯ ಮೇಲೆ ನಿಂತಿತು. ಕಮಲಾ ತಲೆ ತಗ್ಗಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವ್ವ ಇನ್ನೊಂದು ಗಾರಿಗೆ ಹಾಕಿದಳು, ನಾನು ತಿಂದೆ. ಮರುದಿನ ಕಚೇರಿಯಲ್ಲಿ ಸಾಹೇಬರು ಕರೆದು, ಅಂತೂ ಮಗಳು ನಿಮ್ಮ ಮುಂದೆಯೇ ನಡೆದಳೇ ಎಂದು ಕೇಳಿದರು. ನನ್ನ ಮುಂದೆಯೇ ನಡೆದಳು ಸಾಹೇಬರೇ ಎಂದೆ. ಹೇಳುವಾಗ ನನ್ನ ಮುಖ ಕೆಂಪಾಯಿತೆಂದು ಪಕ್ಕದ ಮೇಜಿನವರು ಆಮೇಲೆ ಹೇಳಿದರು.