ಜ್ಯೋತಿಬಾ ಮನೆ ಬಿಟ್ಟ ದಿನ

ಅಜೀಮನ ಹತ್ತಿರ ನಾಲ್ಕು ಮಾರು ಹಗ್ಗ ಕೇಳಿದ್ದೇ ಜ್ಯೋತಿಬಾ ಮಾಡಿದ ತಪ್ಪು.

ದಾಂಡೇಲಿಯ ಆ ಚಾಳದಲ್ಲಿ ಅವನು ಬಾಡಿಗೆಗಿದ್ದು ಇಪ್ಪತ್ತೇಳು ವರ್ಷ. ಪೇಪರ್ ಮಿಲ್ಲಿನ ಕೆಲಸ ಮುಗಿಸಿ ಮನೆಯಲ್ಲಿ ಕೂತು ಎರಡು ವರ್ಷ. ಹಿತ್ತಲ ನಳದಿಂದ ನೀರು ಹೊತ್ತೂ ಹೊತ್ತೂ ಹೆಂಡತಿ ಅನ್ನಪೂರ್ಣಾಳ ಮೊಣಕಾಲು ಸವೆದಿದ್ದವು. ಈಗ ಕೋಗಿಲಬನದಲ್ಲಿ ಅಡುಗೆಮನೆಯೊಳಗೇ ನಳವಿರುವ ಮನೆಯೊಂದು ಸಿಕ್ಕಿತ್ತು.

ಮನೆ ಬಿಡುವುದು ಕಷ್ಟವಲ್ಲ, ನೆರೆಯವರಿಗೆ ಹೇಳುವುದು ಕಷ್ಟ. ಹಿಂದೊಮ್ಮೆ ಹೊರಟಾಗ ಪಕ್ಕದ ಮನೆಯ ಲಗಮಪ್ಪ ಟ್ರಂಕಿನ ಮೇಲೆ ಕೂತು ಸಂಜೆಯವರೆಗೆ ಏಳಲಿಲ್ಲ. ಇನ್ನೊಮ್ಮೆ ಎದುರುಮನೆಯ ಅಮೀರುನ್ನಿಸಾ ಅತ್ತ ರಭಸಕ್ಕೆ, ಕಟ್ಟಿದ ಗಂಟುಗಳನ್ನು ಅನ್ನಪೂರ್ಣಾಳೇ ಬಿಚ್ಚಿದ್ದಳು. ಅದಕ್ಕೇ ಈ ಸಲ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು, ಕಳ್ಳರು ಸ್ವಂತ ಮನೆಯನ್ನೇ ದೋಚುವಂತೆ, ವಾರದಿಂದ ಸಾಮಾನು ಕಟ್ಟುತ್ತಿದ್ದರು. ಕೊನೆಗೆ ಕಪಾಟಿಗೆ ಹಗ್ಗ ಸಾಲಲಿಲ್ಲ.

ಅಮೀರುನ್ನಿಸಾಳ ಮಗ ಅಜೀಮ ಗ್ಯಾರೇಜಿನಿಂದ ಹಗ್ಗವನ್ನೇನೋ ತಂದ. ಕೈಗೆ ಕೊಡುವ ಮುಂಚೆ ಕೇಳಿದ, “ಯಾಕ್ರಿ ಕಾಕಾ ಹಗ್ಗ?”

“ಕಪಾಟ ಕಟ್ಟಾಕಪಾ.”

“ಕಪಾಟ ಯಾಕ ಕಟ್ತೀರಿ? ಅದೇನ್ ಓಡಿ ಹೋಗ್ತೈತೇನ್ರಿ?”

“ಒರಲಿ ಹತ್ತೈತಿ. ಹೊರಗ ಬಿಸಲಿಗೆ ಇಡಬೇಕು.” ಬಾಯಿಗೆ ಬಂದದ್ದನ್ನು ಜ್ಯೋತಿಬಾ ಹೇಳಿಬಿಟ್ಟ.

ಹತ್ತು ನಿಮಿಷದಲ್ಲಿ ಗೆದ್ದಲಿನ ಸುದ್ದಿ ಚಾಳವಿಡೀ ಹಬ್ಬಿತು. ಅಜೀಮ ಒಂದು ಡಬ್ಬಿ ಸುಟ್ಟ ಆಯಿಲ್ ತಂದ. ಅಮೀರುನ್ನಿಸಾ ಒಂದು ಹೊರೆ ಬೇವಿನ ಸೊಪ್ಪು ಹಿಡಿದು ಬಂದಳು. ಲಗಮಪ್ಪ ಬರಿಗೈಲಿ ಬಂದ, ಆದರೆ ಬಾಯಿ ತುಂಬ ಸಲಹೆ ಇತ್ತು. “ಮೊದಲ ಎಲ್ಲಾ ಸಾಮಾನು ಅಂಗಳಕ್ಕ ತಗೀರಿ. ಒಂದ್ ಚಮಚಾನೂ ಒಳಗ ಇರಬಾರ್ದು.”

ತಾನೊಬ್ಬನೇ ಹೇಗೆ ಹೊರತೆಗೆಯಲಿ ಎಂದು ಚಿಂತಿಸಿದ್ದ ಸಾಮಾನು ತಾನಾಗಿಯೇ ಹೊರಗೆ ಬರುತ್ತಿರುವುದನ್ನು ಕಂಡು ಜ್ಯೋತಿಬಾನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಲಗಮಪ್ಪ ಒಂದು ಗೋಣಿಚೀಲವನ್ನು ಅಲುಗಾಡಿಸಿ ನಿಂತ. ಒಳಗೆ ಠಣ್ ಎಂದಿತು.

“ಜ್ಯೋತಿಬಾಣ್ಣಾ, ಹಿತ್ತಾಳಿ ಭಾಂಡೆ ಯಾಕ ಕಟ್ಟೀರಿ? ಹಿತ್ತಾಳಿನೂ ತಿಂತಾವನು ಒರಲಿ?”

“ಈಗಿನ ಒರಲಿ ಲಗಮಪ್ಪಾ ಅವು. ಏನ್ ಬೇಕಾದ್ರೂ ತಿಂತಾವು.”

ಅನ್ನಪೂರ್ಣಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೋಡಿದಳು.

ಊಟದ ಹೊತ್ತಿಗೆ ಅಂಗಳ ವಾರದ ಸಂತೆಯಂತಾಗಿತ್ತು. ಅಮೀರುನ್ನಿಸಾ ಒಂದೊಂದೇ ಗಂಟು ಬಿಚ್ಚಿ ಬೇವಿನ ಸೊಪ್ಪು ತುರುಕುತ್ತ ಹೋದಳು. ಜ್ಯೋತಿಬಾನ ಏಳು ದಿನದ ದುಡಿತ ಅವಳ ಕೈಯಲ್ಲಿ ಒಂದು ತಾಸಿಗೆ ಮುಗಿಯಿತು. ಹಳೆಯ ಸೀರೆಯಲ್ಲಿ ಸುತ್ತಿದ್ದ ತೊಟ್ಟಿಲಿನ ಕಟ್ಟಿಗೆ ಸಿಕ್ಕಾಗ ಮಾತ್ರ ಅವಳ ಕೈ ನಿಂತಿತು.

“ಅಕ್ಕಾ, ಈ ತೊಟ್ಟಲಾ ಇನ್ನೂ ಇಟ್ಟೀರಿ? ನಿಮ್ಮ ಎರಡೂ ಹುಡಿಗ್ಯಾರು ಇದರಾಗ ಬೆಳದ್ರು. ಆಮ್ಯಾಲೆ ನಮ್ಮ ಅಜೀಮ.”

ಇಪ್ಪತ್ತು ದಾಟಿದ್ದ ಅಜೀಮ, ಮೀಸೆಗೆ ಮೆತ್ತಿದ್ದ ಆಯಿಲ್ ಒರೆಸಿಕೊಂಡು ತೊಟ್ಟಿಲನ್ನು ನಂಬದವನಂತೆ ನೋಡಿದ.

ಲಗಮಪ್ಪನಿಗೆ ಗೋಡೆ ಬಿದ್ದ ವರ್ಷ ನೆನಪಾಯಿತು. ಎಡೆಬಿಡದ ಮಳೆಗೆ ಅವನ ಮನೆಗೂ ಜ್ಯೋತಿಬಾನ ಮನೆಗೂ ನಡುವಿನ ಗೋಡೆ ಕುಸಿದು, ಮತ್ತೆ ಕಟ್ಟುವವರೆಗೆ ಹನ್ನೊಂದು ದಿನ ಎರಡೂ ಮನೆ ಒಂದೇ ಆಗಿತ್ತು. ಲಗಮಪ್ಪನ ಹೆಂಡತಿ ಯಲ್ಲವ್ವ ಆಗಿನ್ನೂ ಇದ್ದಳು. ಇಬ್ಬರು ಹೆಂಗಸರೂ ಒಂದೇ ಒಲೆಯಲ್ಲಿ ರೊಟ್ಟಿ ಬಡಿದಿದ್ದರು.

“ಗ್ವಾಡಿ ಮತ್ತ ಎಬ್ಬಿಸಿದ್ ದಿನ ನಮ್ಮ ಯಲ್ಲವ್ವ ಅತ್ತಿದ್ಳು ನೋಡ್ರಿ,” ಎಂದ ಲಗಮಪ್ಪ.

“ನಾನೂ ಅತ್ತಿದ್ನಿ,” ಎಂದಳು ಅನ್ನಪೂರ್ಣಾ ಮೆಲ್ಲಗೆ.

ಜ್ಯೋತಿಬಾ ಮುಖ ತಿರುಗಿಸಿದ. ಆ ಹನ್ನೊಂದು ರಾತ್ರಿ ಲಗಮಪ್ಪನ ಗೊರಕೆಗೆ ತಾನು ನಿದ್ದೆಗೆಟ್ಟದ್ದೂ, ಗೋಡೆ ಎದ್ದ ಮೇಲೆ ಗೊರಕೆ ಕೇಳಿಸದೆ ಮತ್ತೆರಡು ದಿನ ನಿದ್ದೆ ಬಾರದ್ದೂ ಅವನಿಗೆ ನೆನಪಾಗಿತ್ತು.

ಅಷ್ಟರಲ್ಲಿ ಟೆಂಪೋ ಅಂಗಳಕ್ಕೇ ನುಗ್ಗಿತು. ಡ್ರೈವರ್ ಮುದಕಪ್ಪ ತಲೆ ಹೊರಹಾಕಿ ಕೂಗಿದ, “ಕೋಗಿಲಬನಕ್ಕ ಹೋಗೂ ಬಾಡಗಿ ಸಾಮಾನು ಯಾರದ್ರಿ? ಜ್ಯೋತಿಬಾ ಅನ್ನೂವ್ರು ಯಾರು?”

ಅಮೀರುನ್ನಿಸಾ ಕೈಯಲ್ಲಿದ್ದ ಬೇವಿನ ಸೊಪ್ಪನ್ನು ಕೆಳಗಿಟ್ಟಳು. “ಅಣ್ಣಾ, ಒರಲಿನೂ ಟೆಂಪೋದಾಗ ಹೊಂಟಾವನ್ರಿ?”

ಮೊಣಕಾಲು, ನಳ, ಕೋಗಿಲಬನ, ಎಲ್ಲವನ್ನೂ ಜ್ಯೋತಿಬಾ ತಪ್ಪೊಪ್ಪಿಕೊಳ್ಳುವವನಂತೆ ಒಂದೇ ಉಸಿರಿನಲ್ಲಿ ಹೇಳಿದ. ಈಗ ಲಗಮಪ್ಪ ಟ್ರಂಕಿನ ಮೇಲೆ ಕೂರುತ್ತಾನೆ, ಅಮೀರುನ್ನಿಸಾ ಅಳಲು ಶುರುಮಾಡುತ್ತಾಳೆ ಎಂದು ಕಾದ. ಯಾರೂ ಹಾಗೆ ಮಾಡಲಿಲ್ಲ.

“ಹೋಗ್ರಿ ಅಣ್ಣಾ. ಅಕ್ಕನ ಕಾಲು ಮುಖ್ಯ,” ಎಂದಳು ಅಮೀರುನ್ನಿಸಾ ನೆಲ ನೋಡುತ್ತ.

“ಎಷ್ಟ್ ದಿನಾ ಅಂತ ಇಲ್ಲೇ ಇರ್ತೀರಿ,” ಎಂದು ಲಗಮಪ್ಪ ತಾನೇ ಟ್ರಂಕಿನ ಒಂದು ತುದಿ ಎತ್ತಿದ.

ಈ ಸಲವೂ ತಡೆದಿದ್ದರೆ ಜ್ಯೋತಿಬಾ ಗಟ್ಟಿಮನಸ್ಸು ಮಾಡಿ ಹೊರಟೇಬಿಡುತ್ತಿದ್ದ. ಇಷ್ಟು ದೊಡ್ಡ ಮನಸ್ಸಿನ ಜನರನ್ನು ಬಿಟ್ಟು ಹೋಗುವುದು ಹೇಗೆ? ಹೆಂಡತಿಯ ಕಡೆ ನೋಡಿದ. ಅವಳ ಕಣ್ಣೂ ತುಂಬಿದ್ದವು.

“ಇಲ್ಲೇ ಇರೂಣ್ರಿ. ಕಾಲು ಎಲ್ಲಿದ್ರೂ ನೋಯ್ತಾವು,” ಎಂದಳು.

ಜ್ಯೋತಿಬಾ ಅಲ್ಲೇ ಫೋನ್ ತೆಗೆದು ಕೋಗಿಲಬನದ ಮನೆಮಾಲಕರಿಗೆ ಎಲ್ಲರೆದುರು ಹೇಳಿಬಿಟ್ಟ. “ನಿಮ್ಮ ಮನಿ ನಮಗ ಬ್ಯಾಡ್ರಿ. ನಮ್ಮ ಮಂದೀನ ಬಿಟ್ಟು ನಾವು ಎಲ್ಲೂ ಬರೂದಿಲ್ಲ.” ಫೋನ್ ಇಟ್ಟು, ಹಾರಕ್ಕಾಗಿ ಕಾಯುವವನಂತೆ ಎದೆಯುಬ್ಬಿಸಿ ನಿಂತ.

ಯಾಕೋ ಯಾರ ಮುಖದಲ್ಲೂ ನಗುವಿರಲಿಲ್ಲ.

ಆಗ ಲಗಮಪ್ಪನ ಫೋನ್ ರಿಂಗಾಯಿತು. ಕಿವಿ ಮಂದವಾದಾಗಿನಿಂದ ಅವನು ಮಾತಾಡುವುದು ಸ್ಪೀಕರಿನಲ್ಲೇ. ಕೋಗಿಲಬನದ ಮನೆಮಾಲಕರ ದನಿ ಅಂಗಳಕ್ಕೆಲ್ಲ ಕೇಳಿಸಿತು.

“ಲಗಮಪ್ಪನವರ, ಮೂರು ತಿಂಗಳಿಂದ ಕೇಳಾಕತ್ತಿದ್ರೆಲ್ಲಾ, ಕೋಗಿಲಬನದ ಮನಿ ಈಗ ಖಾಲಿ ಆತ್ರಿ. ಯಾರೋ ಒಬ್ರು ಬ್ಯಾಡ ಅಂದ್ರು. ನಿಮಗ ಬೇಕೇನು?”

“ಇವತ್ತ ಬರ್ತೇನ್ರಿ!” ಎಂದ ಲಗಮಪ್ಪ. ಆಮೇಲೆ ಜ್ಯೋತಿಬಾನ ಮುಖ ನೋಡಿ ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. “ನಿಮಗ ಹೆಂಗ್ ಹೇಳೂದು ಅಂತ ಸುಮ್ಮನಿದ್ದೆ ಅಣ್ಣಾ...”

ಜ್ಯೋತಿಬಾ ಅಮೀರುನ್ನಿಸಾಳ ಕಡೆ ತಿರುಗಿದ. “ಆಪಾ, ನೀವಾದ್ರೂ...”

“ಅಜೀಮ ಹಳಿಯಾಳದಾಗ ಗ್ಯಾರೇಜ್ ತಗದಾನ ಅಣ್ಣಾ. ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ನಾವೂ ಹೊಂಟೇವಿ. ನೀವು ಅಳ್ತೀರಿ ಅಂತ ಹೇಳಲಿಲ್ಲ.”

ಮುದಕಪ್ಪ ಹಾರನ್ ಒತ್ತಿದ. “ಕೋಗಿಲಬನಕ್ಕ ಯಾರರೆ ಬರ್ತೀರೋ ಇಲ್ಲೋ?”

ಲಗಮಪ್ಪ ತನ್ನ ಮನೆಯ ಬಾಗಿಲು ತೆರೆದರೆ, ಮೂರು ತಿಂಗಳಿಂದ ಕಟ್ಟಿಟ್ಟ ಗಂಟುಗಳು ಹೊಸ್ತಿಲ ಬಳಿಯೇ ಸಾಲಾಗಿ ಕೂತಿದ್ದವು. ಹೊತ್ತು ಮುಳುಗುವ ಮುಂಚೆ ಅವನ್ನೆಲ್ಲ ಟೆಂಪೋಕ್ಕೆ ಏರಿಸಿದವನು ಜ್ಯೋತಿಬಾನೇ.

ಟೆಂಪೋದ ಮೇಲೆ ಕೂತ ಲಗಮಪ್ಪ ಬಿಕ್ಕಿ ಬಿಕ್ಕಿ ಅತ್ತ. “ಜ್ಯೋತಿಬಾಣ್ಣಾ, ನಿಮ್ಮನ್ನ ಬಿಟ್ಟು ನಾ ಹೆಂಗ ಇರ್ಲಿ?”

“ಹಂಗಾರ ಇಳೀರಿ,” ಎಂದ ಜ್ಯೋತಿಬಾ.

ಲಗಮಪ್ಪ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದ. “ಮುದಕಪ್ಪಾ, ಗಾಡಿ ಹೊಡಿಯೋ!”