ಬಸವಣ್ಣನ ಕೋಡಿನ ಮೇಲೆ ಎರಡು ಕಾಲೇಜು

ಮನುಷ್ಯ ತನ್ನ ಬಾಳಿನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಾನೆ ಎಂದು ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ವರ್ಷಕ್ಕೊಮ್ಮೆಯಾದರೂ ಮೇಜು ಗುದ್ದಿ ಹೇಳುತ್ತ ಬಂದಿದ್ದೇನೆ. ಹೋದ ತಿಂಗಳಿನಿಂದ ಹೇಳುವುದನ್ನು ಬಿಟ್ಟಿದ್ದೇನೆ. ಹೇಳಲು ಬಾಯಿ ತೆರೆದರೆ ಅವ್ವನ ಮುಖ ಕಣ್ಣೆದುರು ಬಂದು ಮಾತು ಅಲ್ಲೇ ನಿಲ್ಲುತ್ತದೆ. ನನಗೆ ಬಿದ್ದ ಪೆಟ್ಟು ಅಂಥದ್ದು. ಮೊದಲಿನಿಂದ ಹೇಳುತ್ತೇನೆ, ನ್ಯಾಯ ನೀವೇ ಮಾಡಿ.

ನಾನು ಗೋಕಾಕದಲ್ಲಿ ಮ್ಯಾಟ್ರಿಕ್ ಪಾಸಾದಾಗ, ತುಕ್ಕಾನಟ್ಟಿಯ ನಮ್ಮ ಮನೆತನದಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಮುಂದೆ ಕಾಲೇಜಿಗೆ ಹೋಗುವುದಾದರೆ ಬೆಳಗಾವಿ, ಇಲ್ಲವೆ ಧಾರವಾಡ. ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಎತ್ತು ಕೊಳ್ಳದ ಅಪ್ಪ, ಕಣ್ಣಿಂದ ಕಾಣದ ಕಾಲೇಜಿಗೆ ಮಗನನ್ನು ಕೊಡುವವರಲ್ಲ. ಇಬ್ಬರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಮೋಟಾರು ಹತ್ತಿದೆವು. ಬೆಳಗಾವಿಯ ಕಾಲೇಜಿನಲ್ಲಿ ಹುಡುಗರೆಲ್ಲ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಕೂತರೆ ಮಡಿಕೆ ಮುರಿದೀತೆಂದು ನಿಂತೇ ಇದ್ದರು. ಮೈದಾನದಲ್ಲಿ ಒಬ್ಬ ಹುಡುಗಿ ಟೆನಿಸ್ ಬ್ಯಾಟು ಹಿಡಿದು ಚೆಂಡು ಬಾರಿಸುತ್ತಿದ್ದಳು. ಎದುರಿನ ಹುಡುಗ ಆಚೆಗೊಮ್ಮೆ ಈಚೆಗೊಮ್ಮೆ ಓಡಿ ಓಡಿ ಬೆವರಿನಲ್ಲಿ ತೊಯ್ದು ಹೋಗಿದ್ದ. ಅಪ್ಪ ಬಹಳ ಹೊತ್ತು ನೋಡಿ, ಪಕ್ಕದಲ್ಲಿದ್ದ ಜವಾನನನ್ನು ಮೆಲ್ಲಗೆ ಕೇಳಿದರು: “ಆ ಹುಡುಗ ಏನ ತಪ್ಪ ಮಾಡ್ಯಾನ್ರಿ?” ನನಗಂತೂ ಆ ಪ್ಯಾಂಟುಗಳ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಧಾರವಾಡದಲ್ಲಿ ನಾನು ಕಂಗಾಲಾಗುವ ಸರದಿ. ಧೋತರ, ಕರಿ ಟೊಪ್ಪಿಗೆ, ಗಿಡದ ಕೆಳಗೊಬ್ಬೊಬ್ಬ ಕೂತು ಓದುತ್ತಿದ್ದಾನೆ. ಹೊಸಬರು ಬಂದರೆಂದು ತಲೆ ಎತ್ತಿದವನೊಬ್ಬನಿಲ್ಲ. ಕೊಡೆ ಹಿಡಿದು ಬರುತ್ತಿದ್ದ ಪ್ರೊಫೆಸರರೊಬ್ಬರು ಅಪ್ಪನ ತಲೆಯ ಪಟಕಾ ನೋಡಿ ನಿಂತು, “ನಿಮ್ಮ ಕಡೆ ಮಳಿ ಹೆಂಗ್ರಿ ಯಜಮಾನ್ರ?” ಎಂದು ಕೇಳಿದರು. ಮುಗಿಯಿತು. ಅರ್ಧ ತಾಸು ಇಬ್ಬರೂ ಜೋಳದ ಬೀಜದ ಮಾತಾಡಿದರು. “ಇವರು ಮನಶ್ಯಾರು” ಎಂದು ಅಪ್ಪ ಮೋಟಾರಿನಲ್ಲಿ ತೀರ್ಪು ಕೊಟ್ಟರು. ಮಳೆ ಬೆಳೆಯ ಮಾತು ಕೇಳಲು ನಾನು ಅಷ್ಟು ದೂರ ಹೋಗಬೇಕೆ?

ನಾನು ಮೂರು ದಿನ ಮುಖ ಊದಿಸಿಕೊಂಡು ಅಡ್ಡಾಡಿದೆ. ಕಡೆಗೆ ಅಪ್ಪ, “ನಂದೂ ಬ್ಯಾಡ, ನಿಂದೂ ಬ್ಯಾಡ. ಬಸವಣ್ಣನ್ನ ಕೇಳೂಣು” ಅಂದರು. ನಮ್ಮೂರ ಗುಡಿಯ ಕಲ್ಲು ಬಸವಣ್ಣನ ಎರಡು ಕೋಡಿಗೂ ಒಂದೊಂದು ಒದ್ದೆ ಹೂ ಹಚ್ಚುವುದು. ಯಾವುದು ಮೊದಲು ಉದುರುತ್ತದೋ ಅದೇ ದೇವರ ಮಾತು. ಬೀಳುವ ತನಕ ಮನೆಯವರಾರೂ ಉಣ್ಣುವಂತಿಲ್ಲ. ಬಿಳಿ ಕಣಗಿಲೆ ಧಾರವಾಡಕ್ಕೆ, ಕೆಂಪು ಕಣಗಿಲೆ ಬೆಳಗಾವಿಗೆ ಎಂದಾಯಿತು. ಮೋಸ ಆಗಬಾರದೆಂದು ಅಪ್ಪನ ಬಿಳಿ ಹೂವನ್ನು ನಾನು ತರಬೇಕು, ನನ್ನ ಕೆಂಪು ಹೂವನ್ನು ಅಪ್ಪ ತರಬೇಕು. ಎಂಥ ನ್ಯಾಯಸ್ಥರು ಎಂದು ಊರು ಹೊಗಳಿತು. ನಾನು ಬೆಳಗಿನ ಜಾವ ಅಡುಗೆಮನೆಗೆ ಹೋಗಿ, ಗಡಿಗೆಯಲ್ಲಿದ್ದ ನೀರುಬೆಲ್ಲದಲ್ಲಿ ಬಿಳಿ ಹೂವಿನ ಬೆನ್ನು ಅದ್ದಿದೆ. ಧಾರವಾಡ ಅಂಟಿಕೊಂಡಿರಲಿ, ಬೆಳಗಾವಿ ಬೀಳಲಿ ಎಂಬುದು ಲೆಕ್ಕ.

ಎಲೆ ಅಡಿಕೆ ಹಾಕಿ ಉಗುಳುವಷ್ಟರಲ್ಲಿ ಉದುರಬೇಕಾದ ಹೂಗಳು ಬಿಸಿಲೇರಿದರೂ ಉದುರಲಿಲ್ಲ. ಬಿಳಿಯದೇಕೆ ಬೀಳಲಿಲ್ಲವೆಂದು ನನಗೆ ಗೊತ್ತು. ಕೆಂಪಿಗೇನಾಯಿತು? ಮಧ್ಯಾಹ್ನ ತಿರುಗಿತು. ಊರಿನ ಅರ್ಧ ಜನ ಗುಡಿಗೆ ಬಂದು ನಿಂತರು. ಪೂಜಾರಿ ಅಜ್ಜ ಬಸವಣ್ಣನಿಗೆ ಅಡ್ಡಬಿದ್ದು ಎದ್ದ. “ನನ್ನ ಜೀವಮಾನದಾಗ ಹಿಂಗ ಆಗಿಲ್ರಿ. ಎರಡೂ ಸಾಲಿ ಬ್ಯಾಡ ಅನ್ನಾಕತ್ತಾನ ಬಸವಣ್ಣ. ಹುಡುಗನ್ನ ಕಬ್ಬಿಗೆ ನೀರ ಹಾಯ್ಸಾಕ ಹಚ್ರಿ” ಎಂದ. ಜನ ಹೌದೌದೆಂದು ತಲೆಯಾಡಿಸಿದರು. ಅಪ್ಪನ ಮುಖ ಬೂದಿಯಂತಾಯಿತು. ಬೆಳಗಾವಿಯೂ ಹೋಯಿತು, ಧಾರವಾಡವೂ ಹೋಯಿತು. ಕೈಗೆ ಸಲಿಕೆ ಬಂತು. ದೇವರೇ, ಧಾರವಾಡವಾದರೂ ಬೀಳಲಿ ಎಂದು ಬೇಡಿಕೊಳ್ಳುವಾಗ ನೋಡುತ್ತೇನೆ, ಕೋಡಿನ ಮೇಲೆ ಬೆಲ್ಲದ ವಾಸನೆಗೆ ಇರುವೆಗಳ ಸಾಲು ಹತ್ತುತ್ತಿತ್ತು.

ಎಲ್ಲರೂ ಕಟ್ಟೆಗೆ ಹೋಗಿ ಮುಂದೇನೆಂದು ವಾದಕ್ಕೆ ಕೂತೆವು. ಅವ್ವ ಒಬ್ಬಳೇ ದೀಪಕ್ಕೆ ಎಣ್ಣೆ ಹಾಕುತ್ತೇನೆಂದು ಒಳಗುಳಿದಳು. ಸ್ವಲ್ಪ ಹೊತ್ತಿಗೆ, “ಬಿಳೀದು ಬಿತ್ತ ನೋಡ್ರಿ” ಎಂದಳು. ಹೀಗೆ ನಾನು ಧಾರವಾಡಕ್ಕೆ ಹೋದೆ, ಧೋತರ ಉಟ್ಟೆ, ಗಿಡದ ಕೆಳಗೆ ಕೂತೆ, ಮೇಷ್ಟ್ರಾದೆ. ನನ್ನ ಬಾಳನ್ನು ಇರುವೆಗಳು ಬೆಲ್ಲ ತಿಂದು ತಿರುಗಿಸಿದವೆಂದು ಮೊದಲೆರಡು ವರ್ಷ ಕಂಡಲ್ಲಿ ತುಳಿದೆ. ಆಮೇಲೆ ಓದು ರುಚಿಸಿತು. ಅವುಗಳಿಗೆ ಸಕ್ಕರೆ ಹಾಕತೊಡಗಿದೆ. ಇಂದಿಗೂ ಹಾಕುತ್ತೇನೆ.

ಹೋದ ತಿಂಗಳು ಅಪ್ಪ ಅವ್ವ ಹುಕ್ಕೇರಿಗೆ ಬಂದಿದ್ದರು. ನಾನು ಬಾಗಿಲ ಮೂಲೆಯಲ್ಲಿ ಸಕ್ಕರೆ ಉದುರಿಸುವುದನ್ನು ನೋಡಿ ಅವ್ವ ಕಾರಣ ಕೇಳಿದಳು. ಇಷ್ಟು ವರ್ಷದ ಮೇಲೆ ಮುಚ್ಚಿಡುವುದೇನೆಂದು ಬೆಲ್ಲದ ಕಥೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ಇರುವಿ ಎಲ್ಲೀದೋ ತಮ್ಮಾ? ಕೆಡವಿದಾಕಿ ನಾನ. ಎಲ್ಲಾರೂ ಉಪಾಸ ಕುಂತಿದ್ರಿ, ರೊಟ್ಟಿ ಒಣಗಿ ಹಂಚ ಆಗಿದ್ವು. ನಿನ್ನ ಮಾರಿ ನೋಡಿ ಮೊದಲ ಕೆಂಪದಕ್ಕ ಕೈ ಹಾಕಿದ್ನಿ. ಜಗ್ಗಿದ್ರೂ ಬರಲಿಲ್ಲ. ನಿಮ್ಮಪ್ಪಾರು ಜಾಲಿ ಅಂಟ ಹಚ್ಚಿದ್ರು. ನಿಂದು ಬೆಲ್ಲ, ಮುಟ್ಟೂದರಾಗ ಬಿತ್ತು.”

ನಾನು ಸಕ್ಕರೆ ಡಬ್ಬಿ ಹಿಡಿದೇ ಅಪ್ಪನ ಕಡೆ ತಿರುಗಿದರೆ ಅವರು ಮಾಡಿನ ಜಂತಿ ಎಣಿಸುತ್ತಿದ್ದರು. ಎಣಿಸುತ್ತಲೇ, “ಅಂಟು ಚಲೋ ಇತ್ತು” ಎಂದರು.

ಮರುದಿನ ಕಲ್ಲೋಳಿಯ ರೈತನೊಬ್ಬ ಮಗನನ್ನು ಕರೆದುಕೊಂಡು ಶಾಲೆಗೆ ಬಂದ. “ಬೆಳಗಾವಿಗೆ ಹಾಕ್ಲೋ ಧಾರವಾಡಕ್ಕ ಹಾಕ್ಲೋ, ತಿಳಿವಲ್ದ್ರಿ ಸರ. ನೀವು ಓದಿದವ್ರು, ಹೇಳ್ರಿ” ಎಂದ. ಹವೆ, ಪ್ರೊಫೆಸರರು, ವಾಚನಾಲಯ ಎಂದು ಯಾವಾಗಲೂ ಕೊಡುವ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಅಪ್ಪ ಮಗ ಇಬ್ಬರ ಮುಖವೂ ಬಾಡಿತ್ತು. ಭಾಷಣ ನುಂಗಿಕೊಂಡು, ನನ್ನ ವಿದ್ಯೆಯಲ್ಲಿ ಖರೆ ಎನ್ನಬಹುದಾದ ಒಂದೇ ಮಾತು ಕೇಳಿದೆ: “ಊಟಾ ಮಾಡೀರೇನ್ರಿ?”