ಬಚ್ಚಲುಮನೆಯ ದರಪಟ್ಟಿ

ಒಂದು ಇಡೀ ಊರಿನ ನೀರಿಗೆ ಮೂವತ್ತೊಂದು ವರ್ಷ ಬೆಲೆ ಕಟ್ಟಿದವನು ನಾನು. ನನ್ನದೇ ಮನೆಯಲ್ಲಿ ಈಗ ನನಗೆ ಒಂದು ಚೊಂಬು ನೀರಿನಷ್ಟು ಬೆಲೆಯೂ ಇಲ್ಲ. (ಇದು ಗೊಣಗಾಟವಲ್ಲ, ಲೆಕ್ಕಪರಿಶೋಧನಾ ವರದಿ.)

ನಾನಿದ್ದದ್ದು ಜಲಮಂಡಳಿಯ ದರ ಶಾಖೆಯಲ್ಲಿ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂದು ಜನ ನಂಬಿದ್ದಾರೆ, ಪಾಪ. ಮೊದಲು ಬರುವುದು ಕಡತ, ನೀರು ಆಮೇಲೆ. ಪಂಪಿನ ಕರೆಂಟಿಗೆ ಇಷ್ಟು, ಸಂಬಳಕ್ಕೆ ಇಷ್ಟು, ಕೊಳಚೆ ಶುದ್ಧಿಗೆ ಇಷ್ಟು, ಹಳೆಯ ಪೈಪು ಬದಲಿಸಲು ಇಷ್ಟು ಎಂದು ವರ್ಷಕ್ಕೊಮ್ಮೆ ಪಟ್ಟಿ ಮಾಡಿ, ಕೂಡಿಸಿ, ಅದನ್ನು ಊರಿನ ಕೊಡಗಳಿಗೆಲ್ಲ ಹಂಚಿ ದರ ಬರೆಯುತ್ತಿದ್ದೆ. ಆಮೇಲೆ ಅಹವಾಲು ಸಭೆ. ಜನ ಕೂಗುತ್ತಿದ್ದರು, ಸದಸ್ಯರು ಬೆವರುತ್ತಿದ್ದರು, ಅಧ್ಯಕ್ಷರು ನನ್ನ ಕಿವಿಯತ್ತ ವಾಲಿ, "ಏನಾದ್ರೂ ಒಂದು ಕಡಿಮೆ ಮಾಡ್ರೀ, ಇಲ್ದಿದ್ರೆ ನಾವು ಮನೆ ಸೇರಲ್ಲ" ಎನ್ನುತ್ತಿದ್ದರು. ಕರೆಂಟು ಕಡಿಮೆ ಮಾಡಿದರೆ ಪಂಪು ನಿಲ್ಲುತ್ತದೆ. ಸಂಬಳ ಕಡಿಮೆ ಮಾಡಿದರೆ ನಾನು ನಿಲ್ಲುತ್ತೇನೆ. ಪೈಪು ಮಾತ್ರ ಮಣ್ಣಿನಡಿ ಮಲಗಿದೆ, ಸಭೆಗೆ ಬಂದು ಕೂಗುವುದಿಲ್ಲ. ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ದುಂಡಗೆ ಬರೆಯುತ್ತಿದ್ದೆ: 'ಸದ್ಯಕ್ಕೆ ಮುಂದೂಡಬಹುದು.'

ಮೂವತ್ತೊಂದು ವರ್ಷ, ಮೂವತ್ತೊಂದು ಸಲ. ನಿವೃತ್ತಿಯ ದಿನ ಮರದ ಹಲಗೆಗೆ ಕೂರಿಸಿದ ಒಂದು ಹಿತ್ತಾಳೆಯ ನಲ್ಲಿಯನ್ನು ಕೈಗಿಟ್ಟು ಕಳಿಸಿದರು. ಊರಿನಲ್ಲಿ ಸೋರದೆ ಇರುವ ನಲ್ಲಿ ಅದೊಂದೇ.

ಕಚೇರಿಯಲ್ಲಿ ಕಲಿತ ವಿದ್ಯೆ ಕಚೇರಿಯಲ್ಲೇ ಉಳಿಯುತ್ತದೆಯೇ? ಬಚ್ಚಲ ನೀರು ಸರಿಯಾಗಿ ಹೋಗುತ್ತಿಲ್ಲ, ಪೈಪು ಬದಲಿಸಿ ಎಂದು ಹೆಂಡತಿ ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ನಾನೂ ಎರಡು ವರ್ಷದಿಂದ ಅದೇ ಉತ್ತರ ಕೊಡುತ್ತಲೇ ಇದ್ದೆ. (ದುಂಡಗೆ ಬರೆಯಲಿಲ್ಲ ಅಷ್ಟೆ.) ಸ್ನಾನಕ್ಕೆ ನಿಂತರೆ ಸೋಪಿನ ನೀರು ಹಿಮ್ಮಡಿ ಮುಳುಗಿಸಿ, ಒಂದರ್ಧ ಗಂಟೆ ವಿಶ್ರಾಂತಿ ಪಡೆದು, ಮನಸ್ಸು ಬಂದರೆ ಹೊರಡುತ್ತಿತ್ತು.

ಆ ನೀರಿನಲ್ಲಿ ಒಂದು ಬೆಳಿಗ್ಗೆ ನನ್ನ ಅತ್ತೆ ಕಾಲು ಜಾರಿದರು. ಹೆಂಡತಿಯ ತಾಯಿ, ಎಂಬತ್ತೆರಡು ವಯಸ್ಸು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಒಂಬತ್ತು ವರ್ಷದಿಂದ ನಮ್ಮ ಜೊತೆಗೇ ಇದ್ದವರು. ಒಳಗಿನಿಂದ ಚೊಂಬು ಉರುಳಿದ ಸದ್ದು ಬಂತು. ನಾನು ಪತ್ರಿಕೆಯ ಪುಟ ತಿರುವುತ್ತ, "ಚೊಂಬು ಬಿತ್ತು ನೋಡೇ" ಎಂದೆ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಒಂದು ತಿಂಗಳಲ್ಲಿ ಮನೆಗೆ ಕಳಿಸುತ್ತೇವೆ, ಗಾಲಿಕುರ್ಚಿಯಲ್ಲಿ ಓಡಾಡಬೇಕು, ಬಚ್ಚಲು ಮಾತ್ರ ಒಣಗಿರಬೇಕು ಎಂದರು ಡಾಕ್ಟರು. ಅತ್ತೆ ಆಸ್ಪತ್ರೆಯ ಮಂಚದಿಂದ ಕೇಳಿದ್ದು ಒಂದೇ: "ನನ್ನ ಕೋಣೆ ಹಾಗೇ ಇದೆ ತಾನೆ?" ಹೆಂಡತಿ ನನ್ನತ್ತ ತಿರುಗಿ ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಮೇಸ್ತ್ರಿ ಬಂದು ಬಗ್ಗಿ ನೋಡಿ, ಪೈಪು ಪೂರ್ತಿ ಬದಲಿಸಲು ಹದಿನೆಂಟು ಸಾವಿರ ಎಂದ. ದುಡ್ಡು ಬ್ಯಾಂಕಿನಲ್ಲಿತ್ತು. ತೆಗೆದು ಕೊಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ನನ್ನ ಸಂಸಾರ ಮುಂದುವರಿಯುತ್ತಿತ್ತು. ಆದರೆ ನನ್ನ ತಲೆಯೊಳಗಿನ ದರ ಶಾಖೆಗೆ ನಿವೃತ್ತಿ ಆಗಿರಲಿಲ್ಲವಲ್ಲ! ಇಟ್ಟ ಗಂಟನ್ನು ಕರಗಿಸಿ ಪೈಪು ಹಾಕುವುದು ತತ್ವಕ್ಕೆ ವಿರುದ್ಧ. ಯಾರು ನೀರು ಬಳಸುತ್ತಾರೋ ಅವರೇ ಪೈಪಿನ ಖರ್ಚು ಹೊರಬೇಕು. ಹಾಗಾಗಿ ಊಟದ ಮೇಜಿನ ಸುತ್ತ ಅಹವಾಲು ಸಭೆ ಕರೆದೆ. ಅಧ್ಯಕ್ಷತೆ ನಾನು. ಸಾರ್ವಜನಿಕರು ಇಬ್ಬರು: ಹೆಂಡತಿ, ಮತ್ತು ವಕೀಲರೊಬ್ಬರ ಕಚೇರಿಯಲ್ಲಿ ಟೈಪು ಮಾಡುವ ಮಗಳು.

"ತಲೆಗೆ ತಿಂಗಳಿಗೆ ಇನ್ನೂರು, ಅದು ಖಾಯಂ," ಎಂದು ಓದಿದೆ. "ಅದರ ಮೇಲೆ ಬಕೆಟ್ಟಿಗೆ ಎರಡು. ದಿನಕ್ಕೆ ಮೂರು ಬಕೆಟ್ ದಾಟಿದರೆ ಐದು. ಒಳಗೆ ಬಂದ ನೀರೆಲ್ಲ ಹೊರಗೆ ಹೋಗುವುದರಿಂದ, ಕೊಳಚೆ ಶುಲ್ಕ ಬೇರೆ."

"ಆಕ್ಷೇಪಣೆ ಇದೆ," ಎಂದಳು ಮಗಳು. "ನಾನು ಕುಡಿದ ಟೀ ಹೊರಗೆಲ್ಲಿ ಹೋಯ್ತಪ್ಪಾ?"

"ಅದೂ ಹೋಗುತ್ತಮ್ಮಾ, ಸ್ವಲ್ಪ ತಡವಾಗಿ."

"ರೀ, ಕುಕ್ಕರಿನ ಹಬೆ ಆಕಾಶಕ್ಕೆ ಹೋಗುತ್ತಲ್ಲ, ಅದರ ಬಿಲ್ಲು ಯಾರಿಗೆ ಕಳಿಸ್ತೀರಿ?" ಎಂದಳು ಹೆಂಡತಿ. "ಗಿಡಕ್ಕೆ ಹಾಕೋ ನೀರು? ನೀವು ದಿನಕ್ಕೆ ನಾಲ್ಕು ಸಲ ಕೈ ತೊಳೀತೀರಲ್ಲ, ಮೂವತ್ತೊಂದು ವರ್ಷದ ಮಸಿ ಹೋಗಲಿ ಅಂತ, ಅದು?"

"ಅಜ್ಜಿಗೂ ದರ ಇದೆಯಾ?" ಎಂದಳು ಮಗಳು.

"ಹಿರಿಯ ನಾಗರಿಕರಿಗೆ ಅರ್ಧ," ಎಂದೆ, ಉದಾರವಾಗಿ.

"ಬಿದ್ದು ಮೂಳೆ ಮುರ್ಕೊಂಡೋರಿಗೆ?"

ನಾನು ಪಟ್ಟಿಯ ಪುಟ ತಿರುವಿದೆ. ಆಮೇಲೆ ಹೆಂಡತಿ ಮೇಜು ಒರೆಸುವ ಬಟ್ಟೆಯನ್ನು ಕೊಡವಿ, ಸಣ್ಣ ದನಿಯಲ್ಲಿ ಹೇಳಿದಳು: "ನೋಡಿ, ನಿಮ್ಮ ಆಟ ಎಲ್ಲಾ ನಂಗೆ ಬೇಡ. ಅಮ್ಮ ಬರೋ ಹೊತ್ತಿಗೆ ಬಚ್ಚಲಲ್ಲಿ ನೀರು ನಿಲ್ಲಬಾರದು. ಇಷ್ಟೇ."

'ಸಾರ್ವಜನಿಕರ ಬೆಂಬಲದೊಂದಿಗೆ ಅಂಗೀಕರಿಸಲಾಯಿತು' ಎಂದು ನಡಾವಳಿಯಲ್ಲಿ ಬರೆದುಕೊಂಡೆ.

ಬಕೆಟ್ಟುಗಳಿಗೆ ಪೇಂಟಿನಲ್ಲಿ ಗೆರೆ ಎಳೆದೆ. ಗೋಡೆಯ ಮೊಳೆಗೆ ದರಪಟ್ಟಿ, ಲೆಕ್ಕದ ಪುಸ್ತಕ ಎರಡನ್ನೂ ನೇತುಹಾಕಿದೆ. ಬಚ್ಚಲ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ನೀರಿನ ಸದ್ದಿನಿಂದಲೇ ಚೊಂಬು ಎಣಿಸುವ ವಿದ್ಯೆಯನ್ನು ನಾಲ್ಕೇ ದಿನದಲ್ಲಿ ಸಿದ್ಧಿ ಮಾಡಿಕೊಂಡೆ. ಐದನೆಯ ದಿನ ಸದ್ದೇ ನಿಂತುಹೋಯಿತು. ಮಗಳು ಗೆಳತಿಯ ಮನೆಯಲ್ಲಿ ಸ್ನಾನ ಮಾಡತೊಡಗಿದಳು. ಹೆಂಡತಿ ಬಟ್ಟೆಗಂಟನ್ನು ಎರಡು ಬೀದಿ ಆಚೆಯ ತಂಗಿಯ ಮನೆಗೆ ಹೊತ್ತಳು. ಪಾತ್ರೆ ತೊಳೆಯುವುದರಲ್ಲಂತೂ ಎಂಥ ಮಿತವ್ಯಯ ಎಂದರೆ, ಒಂದು ಲೋಟ ನೀರು ಹದಿನೇಳು ಪಾತ್ರೆ ದಾಟಿ, ಅಲ್ಲೇ ಆವಿಯಾಗುತ್ತಿತ್ತು. ಖಾಯಂ ಶುಲ್ಕ ಕೇಳಿದರೆ, "ಬಿಲ್ಲು ವಿವಾದದಲ್ಲಿದೆ" ಎಂದಳು ಮಗಳು.

ವಸೂಲಿ ಕುಸಿಯಿತು. ಕುಸಿದಾಗ ಮಂಡಳಿ ಏನು ಮಾಡುತ್ತದೋ ಅದನ್ನೇ ಮಾಡಿದೆ: ದರ ಏರಿಸಿದೆ. ಬಳಕೆ ಇನ್ನೂ ಇಳಿಯಿತು. ಮತ್ತೆ ಏರಿಸಿದೆ. ಮೂರನೆಯ ವಾರದ ಹೊತ್ತಿಗೆ ಜಗತ್ತಿನಲ್ಲೇ ಅತ್ಯಂತ ದುಬಾರಿ ನೀರು ನಮ್ಮ ಬಚ್ಚಲಿನದಾಗಿತ್ತು, ಅದರ ಏಕಮಾತ್ರ ಗ್ರಾಹಕ ನಾನಾಗಿದ್ದೆ. ನಾನೂ ದಿನಕ್ಕೆ ಅರ್ಧ ಬಕೆಟ್ಟಿಗೆ ಇಳಿದೆ. ಕೊಡುವವನಿಗೆ ಗೊತ್ತು ಕಷ್ಟ.

ಬಚ್ಚಲು ಮಾತ್ರ ಒಣಗಿ ಖಣಖಣ ಎನ್ನುತ್ತಿತ್ತು. "ನೋಡಿದ್ಯಾ? ನೀರು ನಿಲ್ತಾನೇ ಇಲ್ಲ!" ಎಂದು ಹೆಂಡತಿಯನ್ನು ಕರೆದು ತೋರಿಸಿದೆ. ಪೈಪು ಬದಲಿಸುವ ಕೆಲಸವನ್ನು ಸದ್ಯಕ್ಕೆ... ಏನೆಂದೆ ಎಂದು ನೀವೇ ಊಹಿಸಿಕೊಳ್ಳಿ.

ಅತ್ತೆ ಆಂಬುಲೆನ್ಸಿನಲ್ಲಿ ಬಂದಿಳಿಯುವ ದಿನ ಬಂತು. ಹೆಂಡತಿ ಬೆಳಿಗ್ಗೆಯೇ ದರಪಟ್ಟಿಯನ್ನು ಮೊಳೆಯಿಂದ ಕಿತ್ತೆಸೆದು, ಸೊಂಟ ಬಿಗಿದು ಮನೆ ತೊಳೆಯಲು ನಿಂತಳು. ಒಂದು ತಿಂಗಳ ಬಾಯಾರಿಕೆಯ ಮೇಲೆ ಹತ್ತು ಬಕೆಟ್ ನೀರು ಒಟ್ಟಿಗೆ ಬಿತ್ತು. ಪೈಪು ಒಮ್ಮೆ ಗುಟುಕರಿಸಿತು. ಆಮೇಲೆ, ಅಷ್ಟು ವರ್ಷ ನುಂಗಿದ್ದನ್ನೆಲ್ಲ ನೆನಪಿಸಿಕೊಂಡಂತೆ, ಕಪ್ಪಗೆ, ನಿಧಾನವಾಗಿ ಹೊರಗೆ ಹಾಕತೊಡಗಿತು. ಬಚ್ಚಲು ತುಂಬಿ, ನಡುಮನೆಗೆ ದಾಟಿ, ಅತ್ತೆಯ ಕೋಣೆಯ ಹೊಸ್ತಿಲಿಗೆ ಬಂದು ನಿಂತಿತು.

ಓಡಿಬಂದ ಮೇಸ್ತ್ರಿ ಸಲಾಕೆ ತೂರಿಸಿ, ತಿರುಗಿಸಿ, ಹೊರಗೆಳೆದು ನೋಡಿದ. "ಏನ್ ಸಾರ್, ನೀರೇ ಬಿಟ್ಟಿಲ್ವಾ ಇದಕ್ಕೆ? ಜಿಡ್ಡು, ಸೋಪು ಎಲ್ಲಾ ಕೂತು ಕಲ್ಲಾಗಿದೆ. ನೀರು ಹರಿದ್ರೆ ತಾನೆ ಕೊಳೆ ಹರಿಯೋದು? ಯಾರ್ ಸಾರ್ ನಿಮಗೆ ಉಳಿಸೋಕೆ ಹೇಳಿದ್ದು?"

"ಎಷ್ಟಾಗುತ್ತೆ?"

"ನೆಲ ಒಡೀಬೇಕು. ಇಪ್ಪತ್ತೇಳು."

ಪೈಪಿಗೆಂದು ವಸೂಲಿ ಮಾಡಿಟ್ಟ ನನ್ನ ನವೀಕರಣ ನಿಧಿಯಲ್ಲಿ ಆಗ ನಾನೂರ ಹನ್ನೆರಡು ರೂಪಾಯಿ ಇತ್ತು. ಅದರಲ್ಲಿ ನಾನೂರು ನನ್ನದೇ.

ಮೇಸ್ತ್ರಿ ಆ ಮೊತ್ತ ಹೇಳುವ ಹೊತ್ತಿಗೇ ಗಾಲಿಕುರ್ಚಿ ಬಾಗಿಲಿಗೆ ಬಂದಿತ್ತು. ಅತ್ತೆ ಅರ್ಧಕ್ಕರ್ಧ ಸೊರಗಿಹೋಗಿದ್ದರು. ಮಡಿಲಲ್ಲಿ ಮಡಚಿದ ಟವೆಲ್ಲು, ಅದರ ಮೇಲೆ ಎರಡು ಕೈ. ಮೂಗಿಗೆ ವಾಸನೆ ಬಡಿದಿರಬೇಕು, ಆದರೂ ಮುಖ ಸಿಂಡರಿಸಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ನೋಡುವ ಹಾಗೆ ನಡುಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಾಗಿಲ ಬಳಿ ಬಿದ್ದಿದ್ದ ದರಪಟ್ಟಿಯನ್ನು ಮೊಮ್ಮಗಳಿಂದ ಎತ್ತಿಸಿಕೊಂಡು ಕನ್ನಡಕ ಏರಿಸಿ ಓದಿದರು.

"ಅಳಿಯಂದ್ರೇ, ಈ ಪೈಪು ಸರಿಮಾಡಿ ಅಂತ ಇವಳು ಕೇಳಿ ಎಷ್ಟು ದಿನ ಆಯ್ತು?"

"ಎರಡು... ಎರಡು ವರ್ಷ."

"ಆಗ ಮೇಸ್ತ್ರಿ ಎಷ್ಟು ಹೇಳಿದ್ದ?"

"ಒಂಬತ್ತು ಸಾವಿರ."

"ಈಗ ಇಪ್ಪತ್ತೇಳು. ಜೊತೆಗೆ ನನ್ನದೊಂದು ಸೊಂಟ." ಅವರು ಪಟ್ಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಲೆಕ್ಕ ತಪ್ಪಿದೆ. ಮತ್ತೆ ಮಾಡಿ." ಆಮೇಲೆ ಆಂಬುಲೆನ್ಸಿನವನತ್ತ ತಿರುಗಿ, "ತಿರುಗಿಸಪ್ಪ ಗಾಡಿ. ಚಿಕ್ಕ ಮಗಳ ಮನೆ ಇಲ್ಲೇ ಎರಡು ಬೀದಿ ಆಚೆ. ಈ ಮನೆಗೆ ಬರೋದನ್ನ ಸದ್ಯಕ್ಕೆ ಮುಂದೂಡಬಹುದು."

ಮೂವತ್ತೊಂದು ವರ್ಷ ಆ ಮಾತನ್ನು ಬರೆದಿದ್ದೆ. ಬರೆಸಿಕೊಂಡವರಿಗೆ ಹೇಗಾಗುತ್ತದೆ ಎಂದು ಅವತ್ತೇ ಗೊತ್ತಾದದ್ದು.

ತಾಯಿಯನ್ನು ನೋಡಿಕೊಳ್ಳಲು ಹೆಂಡತಿ ಹೋದಳು. ಅಜ್ಜಿಗೆ ಓದಿ ಹೇಳಲು ಮಗಳು ಹೋದಳು. ನಾನು, ಒಡೆದ ನೆಲ ಮತ್ತು ಹಿತ್ತಾಳೆಯ ನಲ್ಲಿ ಉಳಿದೆವು.

ಇಪ್ಪತ್ತೇಳು ಸಾವಿರ ತೆತ್ತೆ. ಎಂಥ ಪೈಪು ಅಂತೀರಿ! ಆ ಇಳಿಜಾರು, ಆ ನುಣುಪು! ಚೊಂಬು ನೀರು ಸುರಿದರೆ ಸಾಲ ಕೊಟ್ಟವನನ್ನು ಕಂಡವನ ಹಾಗೆ ಓಡುತ್ತದೆ. "ದಿನಾ ನೀರು ಬಿಡ್ತಾ ಇರಿ ಸಾರ್, ಒಣಗೋಕೆ ಬಿಡ್ಬೇಡಿ" ಎಂದು ಹೇಳಿ ಹೋದ ಮೇಸ್ತ್ರಿ. ಹಾಗಾಗಿ ಬೆಳಿಗ್ಗೆ ಹತ್ತು, ಸಂಜೆ ಹತ್ತು ಬಕೆಟ್ ನೀರನ್ನು, ಸ್ನಾನ ಮಾಡುವವರು ಯಾರೂ ಇಲ್ಲದ ಬಚ್ಚಲಿಗೆ ನಾನೇ ಸುರಿಯುತ್ತಿದ್ದೆ. ಎಣಿಸುವುದನ್ನು ಬಿಟ್ಟಿದ್ದೆ. (ಹತ್ತು ಹತ್ತು ಇಪ್ಪತ್ತು ಎಂಬುದು ಎಣಿಕೆಯಲ್ಲ, ಅಂದಾಜು.)

ಪ್ರತಿ ಶನಿವಾರ ಹೆಂಡತಿ ಬರುತ್ತಿದ್ದಳು, ಮೀಟರು ನೋಡುವವಳ ಹಾಗೆ. ಕೂರುತ್ತಿರಲಿಲ್ಲ. ಒಂದು ಬಕೆಟ್ ಸುರಿದು, ಬಗ್ಗಿ, ಕಿವಿಗೊಟ್ಟು ಕೇಳುತ್ತಿದ್ದಳು.

"ಹೋಗ್ತಾ ಇದೆ."

"ಅತ್ತೆ ಏನಂತಾರೆ?"

"ಪರಿಶೀಲಿಸ್ತಾ ಇದಾರಂತೆ."

ಐದನೆಯ ಶನಿವಾರ ಅವಳು ಕೈಯಲ್ಲಿ ಅಳತೆಯ ಟೇಪು ಹಿಡಿದು ಬಂದಳು. ಬಚ್ಚಲ ಬಾಗಿಲ ಅಗಲ ಅಳೆದು ನೋಡಿದರೆ ಗಾಲಿಕುರ್ಚಿಗೆ ನಾಲ್ಕು ಬೆರಳು ಸಾಲದು. "ಈ ಬಾಗಿಲು ಅಗಲ ಮಾಡಿಸ್ಬೇಕು," ಎಂದಳು, ಗೋಡೆಗೆ ಹೇಳುವ ಹಾಗೆ.

ನಾನು ಉಬ್ಬಿಹೋದೆ. ಅಳತೆ ತೆಗೆದರೆಂದರೆ ಬರುವ ಮನಸ್ಸಿದೆ! ಏನಾದರೂ ಒಳ್ಳೆಯ ಮಾತಾಡೋಣ ಎಂದು ಬಾಯಿ ತೆರೆದೆ. ಮೂವತ್ತೊಂದು ವರ್ಷದ ಅಭ್ಯಾಸ ನನಗಿಂತ ಮುಂಚೆ ಮಾತಾಡಿಬಿಟ್ಟಿತು: "ಸದ್ಯಕ್ಕೆ—"

ಅವಳು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ಅವತ್ತು ನಾನು, ಹುಟ್ಟಿದಾಗಿನಿಂದ ಮೊದಲನೆಯ ಸಲ, ಒಂದು ಕೆಲಸವನ್ನೂ ಮುಂದೂಡಲಿಲ್ಲ. ಗಾರೆಯವನಿಗೆ ಫೋನು ಮಾಡಲಿಲ್ಲ, ಅವನು ನಾಳೆ ಎಂದಾನು. ಸುತ್ತಿಗೆ ಉಳಿ ತಂದೆ. ಅಂಗಿ ಬಿಚ್ಚಿ ಎಸೆದೆ. ಬಾಗಿಲ ಪಕ್ಕದ ಗೋಡೆಯನ್ನು ಶತ್ರುಸೈನ್ಯದ ಕೋಟೆಯೆಂದು ಭಾವಿಸಿ, ಅರವತ್ಮೂರರ ವಯಸ್ಸಿನಲ್ಲಿ ಇಪ್ಪತ್ತರವನ ಹಾಗೆ ಬಡಿದೆ. ಒಂದು ಇಟ್ಟಿಗೆ ಬಿತ್ತು. ಎರಡು ಬಿದ್ದವು. ಮೂರನೆಯ ಏಟಿಗೆ ಗೋಡೆ ನನ್ನ ಮುಖಕ್ಕೆ ಉಗುಳಿತು.

ಈ ಊರಿನಡಿ ಹೋಗುವ ಪ್ರತಿಯೊಂದು ಪೈಪೂ ನನಗೆ ಬಾಯಿಪಾಠ. ನನ್ನ ಮನೆಯ ಗೋಡೆಯೊಳಗಿನ ಒಂದೇ ಒಂದು ಪೈಪು ಗೊತ್ತಿರಲಿಲ್ಲ.

ಆಳೆತ್ತರ ಚಿಮ್ಮಿದ ನೀರು ಸೂರಿಗೆ ಬಡಿದು ಸುರಿಯತೊಡಗಿತು. ನೀರನ್ನು ನಿಲ್ಲಿಸುವ ತಿರುಪಿತ್ತು. ಬೀದಿಯ ಅಂಚಿನ ಗುಂಡಿಯಲ್ಲಿ, ತುಕ್ಕು ಹಿಡಿದು, ಬದಲಿಸುವುದನ್ನು ಯಾರೋ ಪ್ರತಿ ವರ್ಷ ಮುಂದೂಡುತ್ತ ಬಂದ ಕಾರಣ ಅದು ತಿರುಗಲಿಲ್ಲ. ಒದ್ದೆಯಾಗಿ ಹಿಂದಿರುಗಿ, ಎರಡು ಅಂಗೈಯನ್ನೂ ಒಡಕಿಗೆ ಒತ್ತಿಕೊಂಡು ನಿಂತೆ. ಕಾಲ ಕೆಳಗೆ ನೋಡಿದರೆ, ಆಹಾ! ಅಷ್ಟು ನೀರೂ ಒಂದು ಕ್ಷಣ ನಿಲ್ಲದೆ, ಒಂದು ಹನಿ ತಡೆಯದೆ, ಹೊಸ ಪೈಪಿನಲ್ಲಿ ಇಳಿದು ಹೋಗುತ್ತಿತ್ತು. ನೋಡುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

ಆಗ ಪಕ್ಕದ ಗೂಡಿನಲ್ಲಿಟ್ಟಿದ್ದ ಫೋನು ಬಡಿದುಕೊಂಡಿತು. ಮೊಣಕೈಯಲ್ಲಿ ಒತ್ತಿದೆ.

"ರೀ," ಎಂದಳು ಹೆಂಡತಿ. "ಅಮ್ಮ ಒಪ್ಪಿದ್ರು. ಬಾಗಿಲು ಆಮೇಲೆ ನೋಡ್ಕೊಳ್ಳೋಣ, ಹೇಗೋ ಎತ್ತಿಕೊಂಡು ಹೋಗೋಣ ಅಂದೆ. ಈಗಲೇ ಹೊರಟ್ವಿ. ದಾರಿಯಲ್ಲೇ ಇದ್ದೀವಿ. ಬಚ್ಚಲು ಒಣಗಿದೆ ತಾನೆ?"